ಬಾತುಕೋಳಿಯ ಗಾಯಕ್ಕೆ ಹುಳ ಬಿದ್ದರೆ: ಫಿನಾಯಿಲ್ ಬೇಡ, ಮೊದಲು ಉಪ್ಪುನೀರು

ಕಳೆದ ಆಟಿ ತಿಂಗಳಲ್ಲಿ ಮಳೆ ತುಸು ಬಿಡುವು ಕೊಟ್ಟ ಒಂದು ಮಧ್ಯಾಹ್ನ ನೆರಿಯದ ಮನೆಯೊಂದಕ್ಕೆ ಹೋಗಿದ್ದೆ. ಅಂಗಳದ ಮೂಲೆಯಲ್ಲಿ ಬುಟ್ಟಿಯೊಂದನ್ನು ಕವುಚಿ ಹಾಕಿದ್ದರು. ಅದರೊಳಗೆ ಒಂದು ಬಾತುಕೋಳಿ. ಬಾಲದ ಬುಡದಲ್ಲಿ ಗಾಯ, ಗಾಯದ ತುಂಬ ಹುಳ. ಮನೆಯ ಅಮ್ಮ ಹಿಂದಿನ ಸಂಜೆ ಅದನ್ನು ಕಂಡ ಕೂಡಲೇ ನೆಲ ತೊಳೆಯಲು ತಂದಿಟ್ಟಿದ್ದ ಫಿನಾಯಿಲನ್ನು ಗಾಯದ ಮೇಲೆ ಸುರಿದಿದ್ದರು. ಹುಳಗಳೇನೋ ಹೊರಳಾಡಿ ಉದುರಿದವು. ಆದರೆ ನಾನು ನೋಡುವಾಗ ಬಾತು ಕುತ್ತಿಗೆ ಎತ್ತಲಾರದೆ ಮಲಗಿತ್ತು. ಸಂಜೆಯೊಳಗೆ ಸತ್ತೇ ಹೋಯಿತು. ಆ ಅಮ್ಮ ಕೇಳಿದ ಪ್ರಶ್ನೆ ಒಂದೇ: "ದನಕ್ಕೆ ಹಾಕಿದ್ರೆ ಗುಣ ಆಗ್ತದಲ್ಲ ಫಾದರ್, ಇದಕ್ಕೆ ಯಾಕೆ ಆಗ್ಲಿಲ್ಲ?"

ಸೆಮಿನರಿಯಲ್ಲಿ ನಮಗೆ ಇದಕ್ಕೆಲ್ಲ ಪಾಠ ಇರಲಿಲ್ಲ. ಹಾಗಾಗಿ ಪಶುವೈದ್ಯರನ್ನೂ ಬಾತು ಸಾಕಿ ಅನುಭವವಿರುವ ಹಿರಿಯರನ್ನೂ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಧರ್ಮಕೇಂದ್ರಗಳಲ್ಲಿ ಬಾತು ಸಾಕುವ ಮನೆಗಳು ಕಡಿಮೆಯೇನಲ್ಲ. ಕೊಂಕಣಿ ಮಾತನಾಡುವ ಮನೆಗಳಲ್ಲಿ ಅದು ಬದಕ್, ಕೇರಳದಿಂದ ಬಂದು ಘಟ್ಟದ ತಪ್ಪಲಿನಲ್ಲಿ ರಬ್ಬರ್ ಬೆಳೆಸಿದ ಕುಟುಂಬಗಳಲ್ಲಿ ತಾರಾವು. ಹೆಸರು ಯಾವುದೇ ಇರಲಿ, ಕ್ರಿಸ್ಮಸ್ಸಿಗೆ ಎಂದು ಸಾಕಿದ ನಾಲ್ಕು ಬಾತುಗಳಲ್ಲಿ ಎರಡು ಮಳೆಗಾಲದಲ್ಲೇ ಹುಳ ಬಿದ್ದು ಸತ್ತರೆ ಬಡಕುಟುಂಬಕ್ಕೆ ಅದು ಸಣ್ಣ ನಷ್ಟವಲ್ಲ. ಮೊಟ್ಟೆಯೂ ಹೋಯಿತು, ಹಬ್ಬದ ಊಟವೂ ಹೋಯಿತು. ಆ ಮೂಕ ಪ್ರಾಣಿ ಪಡುವ ಯಾತನೆ ಬೇರೆ.

ಮೊದಲಿಗೆ ಒಂದು ಮಾತು. ನಮ್ಮ ಕಡೆ "ಹುಳ ಬಿದ್ದು ಹೋಗಲಿ" ಎಂಬುದು ಶಾಪದ ಮಾತು. ಆ ಕಾರಣಕ್ಕೋ ಏನೋ, ಕೊಟ್ಟಿಗೆಯಲ್ಲಾಗಲಿ ಗೂಡಿನಲ್ಲಾಗಲಿ ಹುಳ ಕಂಡರೆ ಜನರು ಹೊರಗೆ ಹೇಳಲು ನಾಚುತ್ತಾರೆ. ಯಾರದೋ ದೃಷ್ಟಿ ತಾಗಿತು ಎನ್ನುವವರೂ ಇದ್ದಾರೆ. ಇದು ಶಾಪವೂ ಅಲ್ಲ, ದೃಷ್ಟಿಯೂ ಅಲ್ಲ. ಹುಳ ಗಾಯದೊಳಗಿಂದ ತಾನಾಗಿ ಹುಟ್ಟುವುದೂ ಇಲ್ಲ. ನೊಣ ಬಂದು ಮೊಟ್ಟೆ ಇಡುತ್ತದೆ, ಮೊಟ್ಟೆ ಒಡೆದು ಹುಳ ಬರುತ್ತದೆ, ಅಷ್ಟೇ.

ಬಾತುಗಳಲ್ಲಿ ಈ ಕೆಲಸ ಮಾಡುವುದು ಹೆಚ್ಚಾಗಿ ಮೈ ಲೋಹದಂತೆ ಮಿನುಗುವ ಹಸಿರು ಮತ್ತು ನೀಲಿ ನೊಣಗಳು. ಶಾಸ್ತ್ರಜ್ಞರು ಇವನ್ನು ಲೂಸಿಲಿಯಾ, ಕ್ರೈಸೊಮೈಯಾ ಎಂಬ ಕುಲಗಳಿಗೆ ಸೇರಿಸಿದ್ದಾರೆ. ಮೀನಿನ ತ್ಯಾಜ್ಯದ ಮೇಲೆ, ಕೊಳೆತ ಹಲಸಿನ ಹಣ್ಣಿನ ಮೇಲೆ ಮುತ್ತುವುದು ಇವೇ. ವಾಸನೆ ಹಿಡಿದು ಬಂದು ಗಾಯದ ಅಂಚಿನಲ್ಲಿ ಅಥವಾ ಹೊಲಸು ಮೆತ್ತಿದ ಪುಕ್ಕದ ಬುಡದಲ್ಲಿ ಗುಂಪುಗುಂಪಾಗಿ ಮೊಟ್ಟೆ ಇಡುತ್ತವೆ. ಮೊಟ್ಟೆಗಳು ಹಾಲಿನ ಬಣ್ಣದವು, ಒಂದು ಮಿಲಿಮೀಟರಿನಷ್ಟು ಉದ್ದ, ಒಟ್ಟಾಗಿ ಅಂಟಿಕೊಂಡಿರುವುದರಿಂದ ಅಕ್ಕಿ ನುಚ್ಚು ಮೆತ್ತಿದ ಹಾಗೆ ಕಾಣುತ್ತವೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅವು ಒಡೆಯಲು ಒಂದು ದಿನ ಸಾಕು, ಅನೇಕ ಸಲ ಅರ್ಧ ದಿನವೇ ಸಾಕು. ಹುಳಗಳು ನಾಲ್ಕೈದು ದಿನ ತಿಂದು ಕೊಬ್ಬಿ, ನೆಲಕ್ಕೆ ಉದುರಿ, ಮಣ್ಣಿನೊಳಗೆ ಕೋಶವಾಗಿ, ಸುಮಾರು ಒಂದು ವಾರದಲ್ಲಿ ಮತ್ತೆ ನೊಣವಾಗಿ ಹೊರಬರುತ್ತವೆ. ಅಂದರೆ ಇವತ್ತು ಅಂಗಳಕ್ಕೆ ಉದುರಿದ ಹುಳ ಎರಡು ವಾರದೊಳಗೆ ಉಳಿದ ಬಾತುಗಳ ಮೇಲೆ ಬಂದು ಕೂರಬಹುದು.

ಇವುಗಳಲ್ಲೇ ಒಂದು ಜಾತಿ, ಕ್ರೈಸೊಮೈಯಾ ಬೆಜ್ಜಿಯಾನಾ, ಉಳಿದವಕ್ಕಿಂತ ಕ್ರೂರಿ. ಕೊಳೆತದ್ದು ಅದಕ್ಕೆ ಬೇಡ, ಜೀವಂತ ಮಾಂಸವೇ ಬೇಕು. ದನ, ನಾಯಿ, ಆಡು, ಮನುಷ್ಯ ಯಾರ ಗಾಯವಾದರೂ ಸರಿ. ಒಂದು ಹೆಣ್ಣು ನೊಣ ಒಮ್ಮೆಗೆ 150ರಿಂದ 200 ಮೊಟ್ಟೆ ಇಡುತ್ತದೆ. ಮದರಾಸಿನಲ್ಲಿ ಕೆಲಸ ಮಾಡಿದ್ದ ವಿಜ್ಞಾನಿ ಡಬ್ಲ್ಯೂ. ಎಸ್. ಪ್ಯಾಟನ್ 1920ರ ದಶಕದ ಆರಂಭದಲ್ಲೇ ಭಾರತದ ಈ ನೊಣದ ಬಗ್ಗೆ ಬರೆದಿದ್ದರು. ಹಕ್ಕಿಗಳನ್ನು ಇದು ಕಾಡುವುದು ಅಪರೂಪ, ಆದರೆ ಬಾತಿನ ಗೂಡು ದನದ ಹಟ್ಟಿಗೆ ತಾಗಿಕೊಂಡೇ ಇರುವ ಮನೆಗಳಲ್ಲಿ ಇದನ್ನು ಮರೆಯುವಂತಿಲ್ಲ. "ಹುಳ ಕೊಳೆತದ್ದನ್ನು ಮಾತ್ರ ತಿನ್ನುತ್ತದೆ, ಗಾಯ ಶುದ್ಧವಾಗುತ್ತದೆ, ಬಿಡಿ" ಎಂದು ಹೇಳುವವರನ್ನು ಕೇಳಿದ್ದೇನೆ. ಕೆಲವು ಆಸ್ಪತ್ರೆಗಳಲ್ಲಿ ವೈದ್ಯರು ಹುಳವನ್ನೇ ಚಿಕಿತ್ಸೆಗೆ ಬಳಸುವುದು ನಿಜ. ಆದರೆ ಅವು ಪ್ರಯೋಗಾಲಯದಲ್ಲಿ ಕ್ರಿಮಿರಹಿತವಾಗಿ ಬೆಳೆಸಿದ ಹುಳಗಳು, ಲೆಕ್ಕ ಮಾಡಿ ಇಡುವಂಥವು. ಅಂಗಳದ ನೊಣಕ್ಕೆ ಆ ಲೆಕ್ಕ ಗೊತ್ತಿಲ್ಲ.

ಇನ್ನು ಬಾತಿನ ವಿಷಯ. ನೀರಿನಲ್ಲೇ ಇರುವ ಹಕ್ಕಿಗೆ ಒದ್ದೆಯಿಂದ ಏನು ತೊಂದರೆ ಎಂದು ತೋರಬಹುದು. ಆರೋಗ್ಯವಾಗಿರುವ ಬಾತು ನಿಜವಾಗಿ ಒದ್ದೆಯಾಗುವುದೇ ಇಲ್ಲ. ಅದರ ಬಾಲದ ಬುಡದಲ್ಲಿ, ಮೇಲ್ಭಾಗದಲ್ಲಿ, ಒಂದು ಎಣ್ಣೆಯ ಗ್ರಂಥಿ ಇದೆ. ಕೊಕ್ಕಿನಿಂದ ಅದನ್ನು ಒತ್ತಿ, ಬಂದ ಎಣ್ಣೆಯನ್ನು ಪುಕ್ಕಗಳಿಗೆಲ್ಲ ಹಚ್ಚಿಕೊಂಡು ನೀವಿಕೊಳ್ಳುತ್ತದೆ. ನೀರು ಮುತ್ತಿನಂತೆ ಜಾರಿ ಹೋಗುತ್ತದೆ, ಚರ್ಮ ಒಣಗಿಯೇ ಇರುತ್ತದೆ. ಆದರೆ ಶುದ್ಧ ನೀರು ಸಿಗದೆ, ಅಡಿಕೆ ತೋಟದ ಕೆಸರಿನಲ್ಲಿ ಓಡಾಡಿ, ರಾತ್ರಿ ಹಿಕ್ಕೆಯ ರಾಡಿಯಲ್ಲೇ ಮಲಗುವ ಬಾತಿನ ಪುಕ್ಕಗಳು ಮಣ್ಣು ಮೆತ್ತಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ನೀರು ಚರ್ಮದವರೆಗೆ ಇಳಿಯುತ್ತದೆ, ಚರ್ಮ ಮೆತ್ತಗಾಗಿ ನಾರುತ್ತದೆ. ಗಾಯವೇ ಇಲ್ಲದಿದ್ದರೂ ನೊಣಕ್ಕೆ ಅಷ್ಟು ಸಾಕು. ಆದುದರಿಂದ ಮಳೆಗಾಲದಲ್ಲಿ ಬಾತಿಗೆ ಹುಳ ಬೀಳುವುದು ನೀರು ಹೆಚ್ಚಾಗಿ ಅಲ್ಲ, ಶುದ್ಧ ನೀರು ಕಡಿಮೆಯಾಗಿ. ಘಟ್ಟದ ಬುಡದ ನೆರಿಯದಂಥ ಊರಿನಲ್ಲಿ ಮಳೆ ನೀರಿಗೆ ಬರವೇ ಎಂದು ನಗಬೇಡಿ. ಸುರಿಯುವ ನೀರು ಬೇರೆ, ಮೀಯುವ ನೀರು ಬೇರೆ.

ಹುಳ ಮೊದಲು ಬೀಳುವ ಜಾಗಗಳು ಇವು: ಬೇಧಿಯಿಂದ ಹೊಲಸು ಮೆತ್ತಿದ ಮಲದ್ವಾರದ ಸುತ್ತ, ಬಾಲದ ಬುಡ, ರೆಕ್ಕೆಯ ಕೆಳಗೆ, ಗಂಡು ಬಾತು ಏರುವಾಗ ಕಚ್ಚಿ ಹಿಡಿದು ಪುಕ್ಕ ಕಿತ್ತುಹೋದ ಹೆಣ್ಣಿನ ಕುತ್ತಿಗೆಯ ಹಿಂಭಾಗ, ನಾಯಿಯೋ ಮುಂಗುಸಿಯೋ ಕಚ್ಚಿದ ಕಡೆ, ಬೇಲಿಯ ತಂತಿ ಗೀರಿದ ಕಡೆ. ಗಂಡು ಬಾತಿನ ಜನನಾಂಗ ಕೆಲವೊಮ್ಮೆ ಹೊರಗೆ ಬಿದ್ದು ಒಳಗೆ ಹೋಗದೆ ಉಳಿಯುತ್ತದೆ, ಹೆಣ್ಣಿನ ಮೊಟ್ಟೆಯ ಚೀಲವೂ ಹೀಗೆ ಜಾರಬಹುದು. ಅಂಥದ್ದಕ್ಕೆ ಗಂಟೆಗಳೊಳಗೆ ನೊಣ ಮುತ್ತುತ್ತದೆ, ವೈದ್ಯರಿಗೆ ತೋರಿಸದೆ ಬೇರೆ ದಾರಿಯಿಲ್ಲ. ಬಿಳಿ ಬಾತಿನಲ್ಲಿ ಹೊಲಸು ದೂರದಿಂದಲೇ ಕಾಣುತ್ತದೆ. ಖಾಕಿ ಕ್ಯಾಂಬೆಲ್‌ನಂಥ ಕಂದು ಬಾತುಗಳಲ್ಲಿ ಕಾಣುವುದಿಲ್ಲ, ಹಿಡಿದೇ ನೋಡಬೇಕು. ಗುಂಪಿನಿಂದ ದೂರ ನಿಲ್ಲುವುದು, ಬಾಲ ಅಲುಗಿಸುತ್ತ ಹಿಂದಕ್ಕೆ ತಿರುಗಿ ಕುಕ್ಕಿಕೊಳ್ಳುವುದು, ಮೇವು ಬಿಡುವುದು, ಹತ್ತಿರ ಹೋದರೆ ಒಂದು ಬಗೆಯ ಕೆಟ್ಟ ಸಿಹಿ ವಾಸನೆ, ಇವು ಲಕ್ಷಣಗಳು.

ಹುಳ ಕಂಡರೆ ಏನು ಮಾಡಬೇಕು? ಬಾತನ್ನು ಕೂಡಲೇ ಮನೆಯೊಳಗೆ, ನೊಣ ಬಾರದ ಜಾಗಕ್ಕೆ ತನ್ನಿ. ಕಾಲು ಹಿಡಿದು ನೇತಾಡಿಸಬೇಡಿ, ಬಾತಿನ ಕಾಲು ಕೋಳಿಯ ಕಾಲಿನಷ್ಟು ಗಟ್ಟಿಯಲ್ಲ. ರೆಕ್ಕೆಗಳು ಮೈಗೆ ಸೇರುವಂತೆ ಬೈರಾಸಿನಲ್ಲಿ ಸುತ್ತಿ ಒಬ್ಬರು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಕೆಲಸ ಮಾಡಬೇಕು. ಕೈಗೆ ಗ್ಲೌಸ್ ಇರಲಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸುಮಾರು 9 ಗ್ರಾಂ, ಎಂದರೆ ಚಹಾ ಚಮಚದಲ್ಲಿ ಒಂದೂವರೆಯಷ್ಟು ಹುಡಿ ಉಪ್ಪು ಹಾಕಿ ಕರಗಿಸಿ. ನೀರು ಉಗುರುಬೆಚ್ಚಗಿರಲಿ. ಉಪ್ಪು ಇದಕ್ಕಿಂತ ಹೆಚ್ಚಾದರೆ ಉರಿಯುತ್ತದೆ, ಗುಣವೇನೂ ಹೆಚ್ಚುವುದಿಲ್ಲ.

ಗಾಯದ ಸುತ್ತಲಿನ ಪುಕ್ಕಗಳನ್ನು ಕತ್ತರಿಯಿಂದ ಕತ್ತರಿಸಿ. ಕೀಳಬೇಡಿ. ಎಳೆಯ ಗರಿಯ ಬುಡದಲ್ಲಿ ರಕ್ತವಿರುತ್ತದೆ, ಕಿತ್ತರೆ ಇನ್ನೊಂದು ಗಾಯವಾಗುತ್ತದೆ. ಕತ್ತರಿಸಿದಾಗಲೇ ಅರ್ಧದಷ್ಟು ಮೊಟ್ಟೆಗಳು ಪುಕ್ಕದೊಂದಿಗೆ ಹೊರಟುಹೋಗುತ್ತವೆ. ಬಳಿಕ ಹಿಂಭಾಗವನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಆ ಉಪ್ಪುನೀರಿನಲ್ಲಿ ಐದು ಹತ್ತು ನಿಮಿಷ ಇಡಿ. ಇದರ ಮರ್ಮ ತಿಳಿದಿರಲಿ: ಈ ಹುಳ ಉಸಿರಾಡುವುದು ಹಿಂಭಾಗದಿಂದ. ಬಾಯಿಯನ್ನು ಮಾಂಸದೊಳಗೆ ಹೂತು, ಹಿಂಭಾಗವನ್ನು ಗಾಯದ ಮೇಲ್ಮೈಗೆ ಇಟ್ಟುಕೊಂಡಿರುತ್ತದೆ. ನೀರು ಮುಚ್ಚಿದಾಗ ಗಾಳಿ ಸಿಗದೆ ಹಿಡಿತ ಸಡಿಲಿಸುತ್ತದೆ. ಆಗ ಚಿಮಟದಿಂದ ಒಂದೊಂದಾಗಿ ತೆಗೆಯಬಹುದು. ಗಾಯ ತೀರಾ ಆಳವಾಗಿದ್ದು ಹೊಟ್ಟೆಯೊಳಗೆ ತೆರೆದುಕೊಂಡಿರುವ ಸಂಶಯವಿದ್ದರೆ ಮಾತ್ರ ನೀರಿನಲ್ಲಿ ಮುಳುಗಿಸಬೇಡಿ, ನೇರ ವೈದ್ಯರಲ್ಲಿಗೆ ಹೋಗಿ.

ಮೇಲಿನ ಹುಳ ತೆಗೆದರೆ ಮುಗಿಯಿತು ಎಂದು ಭಾವಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಚರ್ಮದ ಅಡಿಯಲ್ಲಿ ಅವು ಬಿಲ ಕೊರೆದಿರುತ್ತವೆ. ಸೂಜಿ ತೆಗೆದ 20 ಮಿಲಿಲೀಟರಿನ ಸಿರಿಂಜಿನಲ್ಲಿ ಉಪ್ಪುನೀರು ತುಂಬಿ ಒಳಗೆ ಮೆಲ್ಲನೆ ಹಾಯಿಸಿ, ಮತ್ತೆ ಹುಳ ತೆಗೆಯಿರಿ, ಮತ್ತೆ ಹಾಯಿಸಿ. ಅರ್ಧ ಗಂಟೆ ಹಿಡಿಯಬಹುದು. ನಡುವೆ ಬಾತು ಏದುಸಿರು ಬಿಟ್ಟರೆ ಕೆಲಸ ನಿಲ್ಲಿಸಿ ಅದಕ್ಕೆ ಸುಧಾರಿಸಿಕೊಳ್ಳಲು ಬಿಡಿ. ಕೊನೆಗೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಕಣ್ಣು ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಗಾಯಕ್ಕೆ ಹಾಕಿ, ಒತ್ತಿ ಒರೆಸಿ, ಪೂರ್ತಿ ಒಣಗಿಸಿ. ಒದ್ದೆಯಾಗಿಯೇ ಬಿಟ್ಟರೆ ಬಾತು ಚಳಿಯಿಂದಲೇ ಕುಸಿಯಬಹುದು.

ತೆಗೆದ ಹುಳಗಳನ್ನು ಅಂಗಳಕ್ಕೆ ಎಸೆಯಬೇಡಿ. ಬಿಸಿ ಸೋಪು ನೀರಿಗೆ ಹಾಕಿ ಸಾಯಿಸಿ ಹೂಳಿರಿ. ಉಳಿದ ಕೋಳಿ, ಬಾತುಗಳಿಗೆ ತಿನ್ನಲು ಹಾಕುವವರಿದ್ದಾರೆ, ಅದಂತೂ ಬೇಡವೇ ಬೇಡ. ಸತ್ತ ಪ್ರಾಣಿಯ ದೇಹದಲ್ಲಿ ಬೊಟುಲಿಸಂ ಎಂಬ ವಿಷ ಹುಟ್ಟುತ್ತದೆ, ಅಲ್ಲಿ ಬೆಳೆದ ಹುಳಗಳ ಮೈಯಲ್ಲಿ ಆ ವಿಷ ಸೇರಿಕೊಂಡಿರುತ್ತದೆ. ಹುಳಕ್ಕೆ ಏನೂ ಆಗುವುದಿಲ್ಲ, ತಿಂದ ಬಾತಿಗೆ ಮಾತ್ರ ಕಾಲು ಸೋತು, ರೆಕ್ಕೆ ಜೋತು, ಕುತ್ತಿಗೆ ಎತ್ತಲಾಗದೆ ಸಾಯುತ್ತದೆ. ಸತ್ತ ಬಾತನ್ನು ತೋಡಿಗೆ ಎಸೆಯದೆ ಆಳವಾಗಿ ಹೂಳಬೇಕೆನ್ನುವುದು ಇದಕ್ಕಾಗಿಯೇ.

ಈಗ ಆ ಅಮ್ಮನ ಪ್ರಶ್ನೆಗೆ ಬರೋಣ. ದನದ ತೂಕ ಮುನ್ನೂರು ಕಿಲೋ, ಬಾತಿನದ್ದು ಎರಡು ಕಿಲೋ. ದನಕ್ಕೆ ತಡೆದುಕೊಳ್ಳಲಾಗುವ ವಿಷದ ಒಂದು ಅಂಶವೂ ಬಾತಿಗೆ ಹೆಚ್ಚಾಯಿತು. ಅದಲ್ಲದೆ ಮೈಗೆ ಹಚ್ಚಿದ್ದನ್ನೆಲ್ಲ ಬಾತು ಪುಕ್ಕ ನೀವಿಕೊಳ್ಳುವಾಗ ಕೊಕ್ಕಿನಿಂದ ತಿನ್ನುತ್ತದೆ. ಹಕ್ಕಿಯ ಶ್ವಾಸಕೋಶಕ್ಕೆ ಗಾಳಿಚೀಲಗಳು ಸೇರಿಕೊಂಡಿರುವುದರಿಂದ ಘಾಟು ವಾಸನೆಯೇ ಅದಕ್ಕೆ ಅಪಾಯಕಾರಿ. ಫಿನಾಯಿಲ್, ಸೀಮೆಎಣ್ಣೆ, ಟರ್ಪೆಂಟೈನ್ ಮೂರೂ ಹೀಗೆಯೇ. ಟರ್ಪೆಂಟೈನನ್ನು ದನದ ಗಾಯಕ್ಕೆ ಬಳಸುವ ರೂಢಿ ಹಳೆಯದು, ಬಾತಿಗೆ ಅದು ಸಲ್ಲದು. ದನಕ್ಕೂ ಫಿನಾಯಿಲ್ ಒಳ್ಳೆಯದೇನಲ್ಲ ಎಂಬುದು ಬೇರೆ ಮಾತು. ಕರ್ಪೂರ ಬೆರೆಸಿದ ತೆಂಗಿನೆಣ್ಣೆಯನ್ನು ಅನೇಕರು ಹೇಳುತ್ತಾರೆ. ಆದರೆ ಹೊರಗಿನ ಎಣ್ಣೆ ತಾಗಿದ ಪುಕ್ಕ ನೀರು ತಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಮಳೆಗೆ ಸಿಕ್ಕರೆ ಬಾತು ಚಂಡಿಯಾಗಿ ನಡುಗುತ್ತದೆ. ಕರ್ಪೂರವೂ ಹೊಟ್ಟೆಗೆ ಹೋದರೆ ವಿಷವೇ. ಹೊಗೆಸೊಪ್ಪು ಸುಣ್ಣ ಅರೆದು ಹಾಕುವುದು ಇನ್ನೂ ಕೆಟ್ಟದ್ದು, ಅದರ ನಿಕೋಟಿನ್ ಹಕ್ಕಿಯನ್ನು ಕೊಲ್ಲುತ್ತದೆ. ಅಡಿಕೆಗೆ ಮದ್ದು ಬಿಡುವ ಕಾಲದಲ್ಲಿ ಮೈಲುತುತ್ತು ಎಲ್ಲರ ಮನೆಯಲ್ಲೂ ಇರುತ್ತದೆ, ಗಾಯಕ್ಕೆ ಒಂದು ಚಿಟಿಕೆ ಉದುರಿಸೋಣ ಎನಿಸಬಹುದು. ಅದು ಹಸಿ ಮಾಂಸವನ್ನು ಸುಡುತ್ತದೆ.

ಕೀಟನಾಶಕಗಳ ಬಗ್ಗೆ ಈ ತಾಲೂಕಿನವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನಿನಿಂದ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಮನೆಗಳು ಅನುಭವಿಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಹಾಗಿದ್ದೂ ತೋಟಕ್ಕೆ ತಂದು ಉಳಿದ ಮದ್ದನ್ನು ಬಾಟಲಿಯ ಮುಚ್ಚಳದಲ್ಲಿ ಅಳೆದು ಪ್ರಾಣಿಗಳ ಹುಣ್ಣಿಗೆ ಹಾಕುವ ಅಭ್ಯಾಸ ಪೂರ್ತಿ ನಿಂತಿಲ್ಲ. 1997ರಲ್ಲೇ ನಿಷೇಧವಾದ ಬಿಎಚ್‌ಸಿ ಹುಡಿಯ ನೆನಪು ಹಿರಿಯರಲ್ಲಿ ಇನ್ನೂ ಇದೆ, "ಆಗಿನ ಹುಡಿ ಒಂದು ಸಲ ಹಾಕಿದರೆ ಸಾಕಿತ್ತು" ಎನ್ನುತ್ತಾರೆ. ಆ ಬಾತು ಇಟ್ಟ ಮೊಟ್ಟೆ ತಿಂದದ್ದು ಮನೆಯ ಮಕ್ಕಳೇ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ವೈದ್ಯರು ಕೊಡುವ ಮದ್ದಿಗೆ ಇಲ್ಲಿ ಜಾಗವಿದೆ. ಕೈಗೆ ಸಿಗದ ಹುಳಗಳನ್ನು ಕೊಲ್ಲಲು ಐವರ್‌ಮೆಕ್ಟಿನ್, ಸೋಂಕಿಗೆ ಆ್ಯಂಟಿಬಯೋಟಿಕ್, ನೋವಿಗೆ ಔಷಧ ಅವರು ಕೊಡಬಹುದು. ಪ್ರಮಾಣ ಬಾತಿನ ತೂಕವನ್ನು ಅವಲಂಬಿಸಿರುವುದರಿಂದ, ದನಕ್ಕೆ ತಂದ ಇಂಜೆಕ್ಷನಿನ ಉಳಿಕೆಯನ್ನು ಅಂದಾಜಿನಲ್ಲಿ ಕೊಡಬಾರದು. ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಕೇಳಿಕೊಂಡೇ ಬನ್ನಿ, ಕೇಳದಿದ್ದರೆ ಅವರು ಹೇಳಲು ಮರೆಯಬಹುದು. ಮನುಷ್ಯರಿಗೆ ಹಚ್ಚುವ, ಜಾಗ ಮರಗಟ್ಟಿಸುವ ಮುಲಾಮು ಹಕ್ಕಿಗಳಿಗೆ ಅಪಾಯ, ಅದನ್ನು ಮುಟ್ಟಬೇಡಿ.

ಹನ್ನೆರಡು ಗಂಟೆ ಕಳೆದ ಮೇಲೆ ಗಾಯವನ್ನು ಮತ್ತೆ ನೋಡಬೇಕು. ಕಣ್ಣಿಗೆ ಬೀಳದೆ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ಮೂರು ದಿನ ಬೆಳಿಗ್ಗೆ ಸಂಜೆ ಇದೇ ಕೆಲಸ. ಮೊದಲ ದಿನ ಎಷ್ಟು ಶ್ರದ್ಧೆಯಿಂದ ತೆಗೆದರೂ ಎರಡನೆಯ ದಿನ ನೋಡದಿದ್ದರೆ ಪ್ರಯೋಜನವಿಲ್ಲ. ಅದೇ ನೆರಿಯದ ಮನೆಯಲ್ಲಿ ಕೆಲವು ವಾರಗಳ ಬಳಿಕ ಇನ್ನೊಂದು ಬಾತಿಗೆ ರೆಕ್ಕೆಯಡಿ ಹುಳ ಬಿತ್ತು. ಈ ಸಲ ಅಮ್ಮ ಮತ್ತು ಅವರ ಮಗ ಉಪ್ಪುನೀರು ಹಿಡಿದು ಕುಳಿತರು. ಮರುದಿನ ಬೆಳಿಗ್ಗೆ ನೋಡಿದಾಗ ಹನ್ನೊಂದು ಸಣ್ಣ ಹುಳ, ಸಂಜೆ ಎರಡು, ಆಮೇಲೆ ಇಲ್ಲ. ಹುಡುಗ ಲೆಕ್ಕ ಬರೆದಿಟ್ಟಿದ್ದ! ಆ ಬಾತು ಈಗಲೂ ಇದೆ, ಕ್ರಿಸ್ಮಸ್ಸಿಗೆ ಅದನ್ನು ಕೊಯ್ಯಲು ಹುಡುಗ ಬಿಡಲಿಲ್ಲ.

ಗಾಯ ಮುಚ್ಚುವವರೆಗೆ ಈಜಲು ಬಿಡಬಾರದು. ಆದರೆ ಕೊಕ್ಕು ಮೂಗಿನ ತೂತಿನವರೆಗೆ ಮುಳುಗುವಷ್ಟು ಆಳದ ಪಾತ್ರೆಯಲ್ಲಿ ಕುಡಿಯುವ ನೀರು ಇಡಬೇಕು, ಮೂಗು ತೊಳೆಯದೆ ಬಾತಿಗೆ ಆಗುವುದಿಲ್ಲ. ಒಣ ಬೈಹುಲ್ಲು ಹಾಸಿ, ಹಳೆಯ ಸೊಳ್ಳೆಪರದೆ ಕಟ್ಟಿದರೆ ನೊಣದ ಕಾಟವಿಲ್ಲ. ಒಂಟಿಯಾದ ಬಾತು ಮೇವು ಬಿಡುತ್ತದೆ, ಜೊತೆಗಾರ ಬಾತು ಪರದೆಯಾಚೆಗೆ ಕಾಣುವಂತಿದ್ದರೆ ತಿನ್ನುತ್ತದೆ. ಹುಳಗಳು ಮಲದ್ವಾರದ ಮೂಲಕ ಹೊಟ್ಟೆಯೊಳಗೆ ಇಳಿದು, ಮೈ ತಣ್ಣಗಾಗಿ, ಬಾತು ಕಣ್ಣು ತೆರೆಯದ ಸ್ಥಿತಿಗೆ ಬಂದಿದ್ದರೆ ಉಳಿಸುವ ಹಟ ಬೇಡ. ವೈದ್ಯರ ಸಹಾಯದಿಂದ ಅದರ ನರಳಾಟ ಬೇಗ ಮುಗಿಸುವುದೇ ದಯೆ. ಅಂಥ ಬಾತನ್ನು ಅಡುಗೆಗೆ ಬಳಸಬಾರದು.

ತಡೆಯುವ ದಾರಿ ಚಿಕ್ಕದು. ಗೂಡಿನ ನೆಲಕ್ಕೆ ಮರದ ಹುಡಿ ಅಥವಾ ಬೈಹುಲ್ಲು ಹಾಕಿ ಒದ್ದೆಯಾದದ್ದನ್ನು ದಿನವೂ ತೆಗೆಯಬೇಕು. ಮೀಯಲು ಒಂದು ಹಳೆಯ ಟಬ್ ಸಾಕು, ನೀರು ದಿನಕ್ಕೊಮ್ಮೆ ಬದಲಾಗಲಿ. ಐದಾರು ಹೆಣ್ಣಿಗೆ ಒಂದೇ ಗಂಡು ಇರಲಿ, ಹೆಚ್ಚಾದರೆ ಹೆಣ್ಣುಗಳ ಕುತ್ತಿಗೆ ಹುಣ್ಣಾಗುವುದು ಖಂಡಿತ. ಮೀನು ಕೊಯ್ದ ತ್ಯಾಜ್ಯವನ್ನೂ ಬಿದ್ದ ಹಲಸನ್ನೂ ಗೂಡಿನ ಹತ್ತಿರ ಕೊಳೆಯಲು ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಗೂಡಿಗೆ ಸೇರಿಸುವಾಗ ಪ್ರತಿಯೊಂದರ ಬಾಲ ಎತ್ತಿ ನೋಡಿ, ಒಂದಕ್ಕೆ ಅರ್ಧ ನಿಮಿಷವೂ ಬೇಡ.

ರೋಗಿಗಳ ಮನೆಗಳಿಗೆ ಭೇಟಿ ನೀಡುವ ನಮ್ಮ ಸೇವಾಕರ್ತರಿಗೆ ಇನ್ನೊಂದು ಮಾತು ಹೇಳಬೇಕಾಗಿದೆ. ಇದೇ ನೊಣ ಮನುಷ್ಯರನ್ನೂ ಬಿಡುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಅರಿವು ಹೋದವರ ಹುಣ್ಣಿನಲ್ಲಿ, ಹಾಸಿಗೆ ಹಿಡಿದವರ ಬೆನ್ನಿನ ಗಾಯದಲ್ಲಿ ಅದು ಮೊಟ್ಟೆ ಇಡಬಹುದು. ಮನೆಯವರು ನಾಚಿಕೆಯಿಂದ ಬಟ್ಟೆ ಮುಚ್ಚಿಟ್ಟಿರುತ್ತಾರೆ. ಪ್ರಾರ್ಥನೆ ಮುಗಿಸಿ ಏಳುವ ಮೊದಲು, "ಗಾಯ ಒಮ್ಮೆ ನೋಡಬಹುದೇ?" ಎಂದು ಮೆಲ್ಲನೆ ಕೇಳಿ. ಹುಳ ಕಂಡರೆ ಗಾಬರಿಯ ಮಾತು ಆಡಬೇಡಿ, ಮನೆಮದ್ದು ಹೇಳಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ವ್ಯವಸ್ಥೆ ಮಾಡಿ. ಮನುಷ್ಯರ ಗಾಯದಿಂದ ಹುಳ ತೆಗೆಯುವುದು ವೈದ್ಯರ ಕೆಲಸ.

ಬಾತುಗಳಿಗೆ ಚಿಕಿತ್ಸೆ ಬೇಕಾದರೆ ಹತ್ತಿರದ ಸರಕಾರಿ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು, ಅಥವಾ ಸಂಚಾರಿ ಪಶು ಚಿಕಿತ್ಸೆಯ 1962 ಸಂಖ್ಯೆಗೆ ಕರೆ ಮಾಡಿ ವಿಚಾರಿಸಬಹುದು. ಕರೆಗೆ ಹಣವಿಲ್ಲ. ಕರೆ ಮಾಡುವಾಗ ಬಾತಿನ ಅಂದಾಜು ತೂಕ, ಹುಳ ಕಂಡು ಎಷ್ಟು ಹೊತ್ತಾಯಿತು, ಈಗಾಗಲೇ ಗಾಯಕ್ಕೆ ಏನೇನು ಹಾಕಿದ್ದೀರಿ ಎಂಬ ಮೂರನ್ನೂ ಹೇಳಿ. ಫಿನಾಯಿಲ್ ಹಾಕಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಚಿಕಿತ್ಸೆ ಅದರ ಮೇಲೆ ಬದಲಾಗುತ್ತದೆ.